ಕಾಳಪ್ಪ ಮಿಸ್ತ್ರಿಯ ಹೆಬ್ಬೆಟ್ಟು

ಬಂದೂಕಿನ ಅಂಗಡಿಯಲ್ಲಿ ಆಯುಷ್ಯ ಕಳೆದವನು ಎಂದು ಗೊತ್ತಾದರೆ ಸಾಕು, ಜನ ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಹುಲಿಯ ಕಥೆ ಬರುತ್ತದೆ ಎಂದು ಅವರ ಆಸೆ. ನಾನು ಹುಲಿಯನ್ನು ಕಂಡದ್ದು ಗಿರಾಕಿಗಳ ಮನೆಯ ಗೋಡೆಯ ಮೇಲೆ, ಅದೂ ಬರಿಯ ಚರ್ಮ. ಒಂದು ಗುಂಡನ್ನೂ ಹಾರಿಸಿದವನಲ್ಲ ನಾನು. ನನ್ನ ಜಗಳವೆಲ್ಲ ತುಕ್ಕಿನ ಜೊತೆಗಿತ್ತು. ಬೇಟೆಗೆ ಹೊರಟ ಬಂದೂಕಿಗೆ ದಾರಿಯಲ್ಲಿ ತುಕ್ಕು ಹಿಡಿಯಬಾರದು. ಬೇಟೆ ಮುಗಿಸಿ ಬಂದ ಬಂದೂಕು ಮಳೆಗಾಲ ಪೂರ್ತಿ ಮಲಗಿದ್ದರೂ ಎದ್ದಾಗ ಕನ್ನಡಿಯಂತಿರಬೇಕು. ಪುಣೆಯಲ್ಲಿ ದಂಡಿನವರಿದ್ದ ಕ್ಯಾಂಪಿನ ಒಂದು ಅಂಗಡಿಯಲ್ಲಿ ಕುಳಿತು ಇಷ್ಟೇ ಮಾಡಿಕೊಂಡು ಬಂದೆ. ಈಗ ಈ ಕಸುಬಿಗೆ ಬರುವ ಹುಡುಗರು ಬಾಟಲಿಯ ಮೇಲಿನ ಚೀಟಿ ಓದಿ ಎಣ್ಣೆ ಹಚ್ಚುತ್ತಾರೆ. ಹಚ್ಚಲಿ, ನನ್ನದೇನೂ ತಕರಾರಿಲ್ಲ. ಚೀಟಿಯಲ್ಲಿ ಬರೆಯದೆ ಬಿಟ್ಟದ್ದನ್ನಷ್ಟು ಹೇಳಿಬಿಡುತ್ತೇನೆ.

ನಾನು ಧಾರವಾಡದ ಕಡೆಯವನು. ಮೊದಲನೆಯ ಮಹಾಯುದ್ಧ ಮುಗಿದ ಸುಮಾರಿಗೆ, ಪುಣೆಯಲ್ಲಿ ಕಾರಕೂನನಾಗಿದ್ದ ನನ್ನ ಸೋದರಮಾವ ನನ್ನನ್ನು ಕರೆಸಿಕೊಂಡು ಆ ಅಂಗಡಿಗೆ ಕರೆದೊಯ್ದ. ಮಾಲೀಕರು ಪಾರ್ಸಿಗಳು, ಎಲ್ಲರೂ ಅವರನ್ನು ಸೇಠಜಿ ಎನ್ನುತ್ತಿದ್ದರು. ಅವರು ನನ್ನನ್ನು ಒಂದು ಮಾತೂ ಕೇಳದೆ ಹಿಂದಿನ ಕೋಣೆಯತ್ತ ಕೈ ತೋರಿಸಿದರು. ಅಲ್ಲಿ ಕಾಳಪ್ಪ ಮಿಸ್ತ್ರಿ ಕೂತಿದ್ದರು. ಗೋಕಾಕದ ಕಡೆಯ ಕಂಬಾರರ ಮನೆತನ, ದಪ್ಪ ಮೀಸೆ, ತಲೆಗೆ ಎಣ್ಣೆಕಲೆಯ ರುಮಾಲು. ಹೊರಗಡೆಯೆಲ್ಲ ಮರಾಠಿ ಕೇಳಿ ಕೇಳಿ ದಣಿದಿದ್ದ ನನಗೆ ಅವರ ಬಾಯಿಂದ ಕನ್ನಡ ಬಂದಾಗ ಊರಿನ ಬಾವಿಯ ನೀರು ಕುಡಿದಷ್ಟು ಹಿತವಾಯಿತು.

"ಓದೀ ಏನು?" ಎಂದರು.

"ಮುಲ್ಕಿ ಪರೀಕ್ಷಾ ತನಕ ಓದೀನ್ರಿ."

"ಅದು ಮಾವಗ ಹೇಳು. ನನಗ ಹೆಬ್ಬೆಟ್ಟು ತೋರ್ಸು."

ಉಕ್ಕಿನ ಎರಡು ಸಣ್ಣ ತಗಡುಗಳನ್ನು ತೆಗೆದರು. ಇಸ್ಪೀಟಿನ ಎಲೆಯಷ್ಟು ಅಳತೆ, ಮುಖ ಕಾಣುವಷ್ಟು ನುಣುಪು. ಸ್ಪಿರಿಟ್ಟಿನಿಂದ ಒರೆಸಿ, ಒಂದರ ಮೇಲೆ ನನ್ನ ಹೆಬ್ಬೆಟ್ಟು ಒತ್ತಿಸಿದರು. ಇನ್ನೊಂದರ ಮೇಲೆ ತಮ್ಮದನ್ನು ಒತ್ತಿದರು. ಅವರ ತಗಡಿನ ಮೂಲೆಯಲ್ಲಿ ಗುರುತಿಗೆ ಒಂದು ಗೀರು ಇತ್ತು. ಎರಡನ್ನೂ ಅಡಿಯಲ್ಲಿ ಒದ್ದೆಬಟ್ಟೆ ಹಾಸಿದ ಮರದ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದರು. "ನಾಳೆ ಮುಂಜಾನೆ ಬಾ. ಕೆಲಸ ಕೊಡಾವ ಸೇಠಜೀನೂ ಅಲ್ಲ, ನಾನೂ ಅಲ್ಲ. ಈ ಪೆಟಿಗಿ."

ಕೆಲವರ ಬೆವರಿನಲ್ಲಿ ಉಪ್ಪು, ಹುಳಿ ಹೆಚ್ಚು. ಅವರು ಒಮ್ಮೆ ಮುಟ್ಟಿದರೆ ಸಾಕು, ಉಕ್ಕಿನ ಮೇಲೆ ಮರುದಿನ ಅವರ ಬೆರಳು ಕೆಂಪಾಗಿ ಎದ್ದಿರುತ್ತದೆ. ಕಸುಬಿನಲ್ಲಿ ಅದಕ್ಕೆ ತುಕ್ಕಿನ ಕೈ ಎನ್ನುತ್ತಿದ್ದೆವು. ಸಾಬೂನು ಹಚ್ಚಿ ತೊಳೆದರೂ ಅದು ಹೋಗುವುದಿಲ್ಲ, ಬೆವರು ಮತ್ತೆ ಬರುತ್ತದಲ್ಲ. ಅಂಥವರನ್ನು ಕಾಳಪ್ಪ ಮಿಸ್ತ್ರಿ ಮರ ಮತ್ತು ಚರ್ಮದ ಕೆಲಸಕ್ಕೆ ಹಾಕುತ್ತಿದ್ದರು. ಅಲ್ಲಿ ಜಾಗವಿರದಿದ್ದರೆ ಮನೆಗೆ ಕಳಿಸುತ್ತಿದ್ದರು. ಪ್ರತಿ ಹೊಸಬನ ತಗಡಿನ ಪಕ್ಕದಲ್ಲಿ ತಮ್ಮದೊಂದು ತಗಡು ಇಡುವುದು ಅವರ ಪದ್ಧತಿ. ಪೆಟ್ಟಿಗೆಯ ತೇವವೇ ಹೆಚ್ಚಾಗಿದ್ದರೆ ಅವರದೂ ಕೆಂಪಾಗಬೇಕಷ್ಟೆ. ಅವರದು ಎಂದೂ ಆಗಿರಲಿಲ್ಲ.

ಮರುದಿನ ನನ್ನದೂ ಬೆಳ್ಳಗಿತ್ತು. "ಕೈ ತಣ್ಣಗದ," ಎಂದರು, ಒಂದು ಹಳೆಯ ಬನಿಯನ್ನಿನ ಚೂರು ಕೊಟ್ಟು ಒರೆಸಲು ಕೂರಿಸಿದರು. ನನ್ನ ನೇಮಕಾತಿ ಇಷ್ಟೇ.

ಆ ಪೆಟ್ಟಿಗೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ ಎನ್ನುವುದು ನನಗೆ ತಿಳಿದದ್ದು ಚನ್ನಪ್ಪ ಬಂದಾಗ. ಚನ್ನಪ್ಪ ಮಿಸ್ತ್ರಿಯವರ ಒಬ್ಬನೇ ಮಗ, ನನ್ನದೇ ವಯಸ್ಸು. ಊರಲ್ಲಿ ಕುಲುಮೆಯ ಕೆಲಸ ಕಲಿತು, ಅಪ್ಪನ ಪಕ್ಕದಲ್ಲಿ ಕೂಡುವ ಕನಸು ಕಟ್ಟಿಕೊಂಡು ಪುಣೆಗೆ ಬಂದ. ಅವನ ಕೈಯ ಹದ ನೋಡಿ ಸೇಠಜಿಗೂ ಖುಷಿಯಾಗಿತ್ತು. ಅವನ ಹೆಬ್ಬೆಟ್ಟಿನ ತಗಡನ್ನೂ ಇಟ್ಟು ಮರುದಿನ ಮುಂಜಾನೆ ಪೆಟ್ಟಿಗೆ ತೆರೆದರೆ ಅಪ್ಪನ ತಗಡು ಬೆಳ್ಳಗೆ. ಮಗನ ತಗಡಿನ ಮೇಲೆ ಹೆಬ್ಬೆಟ್ಟಿನ ಒಂದೊಂದು ಗೆರೆಯೂ ಕೆಮ್ಮಣ್ಣಿನಲ್ಲಿ ಬರೆದಂತೆ. ಇರಲಿ ಬಿಡು ಮಿಸ್ತ್ರಿ, ಕೈಗವಸು ಹಾಕಿಕೊಂಡು ಮಾಡಲಿ ಎಂದರು ಸೇಠಜಿ. ಮಿಸ್ತ್ರಿ ಒಪ್ಪಲಿಲ್ಲ. "ಬ್ಯಾರೇದವ್ರ ಮಕ್ಕಳನ್ನ ಕಳಿಸೀನ್ರಿ. ಇವನ್ನ ಇಟಗೊಂಡ್ರ ಅವ್ರಿಗೇನು ಮಾರಿ ತೋರಸ್ಲಿ?" ಎಂದರು. ಮರದ ಕೆಲಸಕ್ಕಾದರೂ ಸೇರು ಎಂದು ಅವನಿಗೆ ಹೇಳಿದರು. ಚನ್ನಪ್ಪ ಆ ತಗಡನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ.

ಅವನು ಪೇಟೆಯಲ್ಲಿ ತಗಡಿನ ಕೆಲಸ ಕಲಿತು ಸ್ವಂತ ಅಂಗಡಿ ಹಾಕಿದ. ಡಬ್ಬಿ, ಆಲಿಕೆ, ಬೆಸುಗೆಯ ಪೆಟ್ಟಿಗೆ. ಒಂದೇ ಊರಿನಲ್ಲಿದ್ದೂ ಅಪ್ಪ ಮಗ ಮಾತು ಬಿಟ್ಟರು. ಹಡಗಿನಲ್ಲಿ ಹೋಗುವ ಬಂದೂಕಿಗೆ ನಮಗೆ ತಗಡಿನ ಪೆಟ್ಟಿಗೆಗಳು ಬೇಕಾಗುತ್ತಿದ್ದವು. ಊರಲ್ಲೇ ಚನ್ನಪ್ಪನಂಥ ಕೈ ಇದ್ದರೂ ಮಿಸ್ತ್ರಿ ಆ ಪೆಟ್ಟಿಗೆಗಳನ್ನು ಮುಂಬಯಿಯಿಂದ ತರಿಸುತ್ತಿದ್ದರು. ಮುಂಬಯಿಯ ಪೆಟ್ಟಿಗೆಯ ಮೂಲೆ ಸೀಳಿ ಬಂದಾಗಲೆಲ್ಲ ಬೈಯುತ್ತಲೇ ತಾವೇ ಕೂತು ಬೆಸೆಯುತ್ತಿದ್ದರು. ನಾವು ಯಾರೂ ಚನ್ನಪ್ಪನ ಹೆಸರೆತ್ತುತ್ತಿರಲಿಲ್ಲ.

ಇನ್ನು ಕೆಲಸದ ಮಾತು. ಮೊದಲ ವಾರವೇ ಮಿಸ್ತ್ರಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಬೇಟೆಯಿಂದ ಬಂದ ಬಂದೂಕನ್ನು ತಲೆಕೆಳಗು ಮಾಡಿ, ಆಲಿಕೆ ಇಟ್ಟು, ಕಿಟಲಿಯಲ್ಲಿ ಕೊತಕೊತ ಕುದಿಯುವ ನೀರನ್ನು ನಳಿಗೆಯೊಳಗೆ ಹೊಯ್ದರು! ತುಕ್ಕು ತಡೆಯುವ ಅಂಗಡಿಯಲ್ಲಿ ಬಂದೂಕಿಗೆ ಸ್ನಾನ! ಆಗಿನ ಗುಂಡುಗಳ ಮದ್ದು ಸುಟ್ಟ ಮೇಲೆ ಒಳಗೆ ಒಂದು ಬಗೆಯ ಉಪ್ಪು ಉಳಿಯುತ್ತಿತ್ತು. ಎಣ್ಣೆಗೆ ಅದು ಕರಗದು, ನೀರಿಗೆ ಕರಗುತ್ತದೆ. ನೀರು ಕುದಿಯುತ್ತಿರಬೇಕು, ಆಗ ಕಬ್ಬಿಣವೇ ಕಾದು ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಆಮೇಲೆ ಒಣ ಬಟ್ಟೆ, ಆಮೇಲೆ ತುಕ್ಕು ತಡೆಯುವ ರಂಗೂನ್ ಎಣ್ಣೆ. ಉಪ್ಪಿನ ಮೇಲೆಯೇ ಎಣ್ಣೆ ಹಚ್ಚಿ, ಎಲ್ಲ ಕ್ಷೇಮ ಎಂದು ನಿದ್ದೆ ಹೋದ ಗಿರಾಕಿಗಳ ನಳಿಗೆಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಒಳಗೆಲ್ಲ ಸಿಡುಬಿನ ಕಲೆ.

ಮಳೆಗಾಲವೇ ನಮ್ಮ ಸುಗ್ಗಿ. ಜೂನ್ ತಿಂಗಳ ಮೊದಲ ಮೋಡ ಕಂಡೊಡನೆ ಬಂದೂಕುಗಳು ನಮ್ಮಲ್ಲಿಗೆ ಮಲಗಲು ಬರುತ್ತಿದ್ದವು. ಹಿಂದಿನ ಕೋಣೆಯಲ್ಲಿ ಗೋಡೆಗೆ ತಾಗದಂತೆ ಮರದ ಚೌಕಟ್ಟುಗಳು. ಬಂದೂಕಿನ ಬಾಯಿ ಕೆಳಗೆ, ಮರದ ಹಿಡಿ ಮೇಲೆ. ಬಾಯಿ ಮೇಲಿದ್ದರೆ ಎಣ್ಣೆ ಇಳಿದಿಳಿದು ಹಿಡಿಯ ಮರವನ್ನು ಕೊಳೆಸುತ್ತದೆ. ನೆಲದ ಮೇಲೆ ತಟ್ಟೆಗಳಲ್ಲಿ ನೀರು ಮುಟ್ಟದ ಸುಣ್ಣದ ಹರಳು, ಅದರ ಮೇಲೆ ತೆಳ್ಳನೆ ಬಟ್ಟೆ. ಹರಳು ಗಾಳಿಯಲ್ಲಿದ್ದ ತೇವವನ್ನು ಕುಡಿದು ಸದ್ದಿಲ್ಲದೆ ಬಿರಿದು ಪುಡಿಯಾಗುತ್ತಿತ್ತು. ಪುಡಿಯಾದದ್ದನ್ನು ತೆಗೆದು ಹೊಸ ಹರಳು ಇಡಬೇಕು. ಚರ್ಮದ ಚೀಲಗಳನ್ನೆಲ್ಲ ಬೇರೆ ಕೋಣೆಗೆ ಹಾಕುತ್ತಿದ್ದೆವು. ಚೀಲದೊಳಗೇ ಬಂದೂಕು ಬೆಚ್ಚಗಿರುತ್ತದೆ ಎಂದು ನೀವೂ ತಿಳಿದಿದ್ದರೆ ಇಂದೇ ಆ ನಂಬಿಕೆ ಬಿಡಿ. ಚರ್ಮ, ಒಳಗಿನ ಉಣ್ಣೆಬಟ್ಟೆ, ಎರಡೂ ತೇವವನ್ನು ಹೀರಿ ಕಬ್ಬಿಣಕ್ಕೆ ಉಣ್ಣಿಸುತ್ತವೆ.

ಆ ಕೋಣೆ ಈಗಲೂ ನನ್ನ ನಿದ್ದೆಯಲ್ಲಿ ಬರುತ್ತದೆ. ಹೊರಗೆ ಜಿಟಿಜಿಟಿ ಮಳೆ, ಟಾಂಗಾದ ಗಂಟೆ. ಒಳಗೆ ಎಣ್ಣೆಯ ವಾಸನೆ, ಸುಣ್ಣದ ಬಿಸುಪು, ಸಾಲಾಗಿ ನಿಂತು ನಿದ್ದೆ ಹೋದ ಬಂದೂಕುಗಳು. ವಾರಕ್ಕೊಮ್ಮೆ ಒಂದೊಂದನ್ನೂ ಎಬ್ಬಿಸಿ ಕಿಟಕಿಯ ಬಳಿ ತಂದು, ಬೋಲ್ಟು ತೆಗೆದು, ನಳಿಗೆಯೊಳಗೆ ಕಣ್ಣಿಟ್ಟು ನೋಡಬೇಕು. ಒಳಗೆ ಸುತ್ತಿ ಸುತ್ತಿ ಹೋಗುವ ಹೊಳೆಯುವ ಗೆರೆಗಳು, ಆ ತುದಿಗೆ ಒಂದು ಚೂರು ಬೂದು ಆಕಾಶ. ನೋಡುತ್ತ ನಿಂತರೆ ಆ ಗೆರೆಗಳ ಜೊತೆ ನಾನೂ ತಿರುಗುತ್ತ ಎಲ್ಲಿಗೋ ಹೋಗಿಬಿಡುತ್ತಿದ್ದೆ. ದಾಂಡೇಲಿಯ ಕಾಡು, ನಾನು ಕಾಣದ ತೊರೆ, ನೀರು ಕುಡಿಯಲು ಬಂದು ತಲೆಯೆತ್ತಿದ ಜಿಂಕೆ, ಅದಕ್ಕೆ ಗುಂಡು ತಗುಲದೆ ಹೋದದ್ದು. ನನ್ನ ನಳಿಗೆಗಳಲ್ಲಿ ಯಾವ ಪ್ರಾಣಿಯೂ ಸಾಯುತ್ತಿರಲಿಲ್ಲ.

"ಗುರುನಾಥಾ, ಆ ಕಡಿಯಿಂದ ಹೊರಗ ಬಂದೇನು?" ಎಂದು ಮಿಸ್ತ್ರಿ ನನ್ನನ್ನು ಕೂಗುತ್ತಿದ್ದರು. "ಬಂದಿದ್ರ ಒರಸು."

ಬೆಳಗಾವಿ ಕಡೆಯ ಒಬ್ಬ ಇನಾಮದಾರರ ಬಂದೂಕು ಪ್ರತಿ ವರ್ಷ ದಸರೆಯಾದ ಮೇಲೆ ನಮಗೆ ಬರುತ್ತಿತ್ತು. ಬಂದಾಗಲೆಲ್ಲ ನಳಿಗೆಯ ಮೇಲೆ ಒಂದೇ ಜಾಗದಲ್ಲಿ ಐದು ತುಕ್ಕಿನ ಬೊಟ್ಟು. ಆಳುಗಳ ಮೇಲೆ ಅನುಮಾನಪಟ್ಟು ಇನಾಮದಾರರು ಯಾರ ಯಾರನ್ನೋ ಬೈದಿದ್ದರಂತೆ. ಮಿಸ್ತ್ರಿ ಆ ಬೊಟ್ಟುಗಳ ಮೇಲೆ ತಮ್ಮ ಬೆರಳಿಟ್ಟು ಅಳೆದು ನಕ್ಕರು. ಖಂಡೇನವಮಿಯ ಆಯುಧಪೂಜೆಯಲ್ಲಿ ಮನೆಯ ಹಿರಿಯಮ್ಮ ಬಂದೂಕಿಗೆ ಅರಿಸಿನ ಕುಂಕುಮವನ್ನು ಒದ್ದೆ ಬೆರಳಲ್ಲಿ ಹಚ್ಚಿ, ಮೇಲೆ ಚೆಂಡುಹೂ ಏರಿಸುತ್ತಿದ್ದರು. ದೇವರಾದ ಬಂದೂಕನ್ನು ಆ ದಿನ ಒರೆಸುವಂತಿಲ್ಲ. ನಾನಾಗಿದ್ದರೆ ಪೂಜೆ ಬಿಡಿ ಎಂದು ಹೇಳಿ ಕಳಿಸಿ, ಗಿರಾಕಿಯನ್ನೇ ಕಳೆದುಕೊಳ್ಳುತ್ತಿದ್ದೆ. ಮಿಸ್ತ್ರಿ ಹೇಳಿಕಳಿಸಿದ್ದು ಬೇರೆ: "ಅವ್ವಾರಿಗೆ ನಮಸ್ಕಾರ ಹೇಳ್ರಿ. ಕುಂಕುಮ ಹಿಡಿಗಿ ಹಚ್ಚಾಕ ಹೇಳ್ರಿ. ಬಂದೂಕಿನ ಹಣಿ ಅಲ್ಲೇ ಅದ." ಮುಂದಿನ ವರ್ಷ ನಳಿಗೆ ಶುಭ್ರವಾಗಿ ಬಂತು, ಹಿಡಿಯ ಮೇಲೆ ಕುಂಕುಮ. ನಮ್ಮ ಅಂಗಡಿಯಲ್ಲೂ ಆ ಪದ್ಧತಿಯೇ ಉಳಿಯಿತು.

ಚಳಿಗಾಲದಲ್ಲಿ ಇನ್ನೊಂದು ಪೇಚು. ಕಾತ್ರಜ ಘಾಟಿನಾಚೆ ಬೇಟೆಗೆ ಹೋದವರು ಥಂಡಿಯಲ್ಲಿ ಹಿಂತಿರುಗಿ, ಬಂದೂಕನ್ನು ನೇರ ಬೆಚ್ಚನೆ ಕೋಣೆಗೆ ಒಯ್ದು ಇಡುತ್ತಿದ್ದರು. ತಣ್ಣನೆಯ ಕಬ್ಬಿಣ ಒಳಗೂ ಹೊರಗೂ ಬೆವರುತ್ತಿತ್ತು. ಹೊರಗಿನದನ್ನು ಒರೆಸುತ್ತಾರೆ, ಒಳಗಿನದು ಯಾರಿಗೆ ಕಾಣಬೇಕು? ಹೊಸ ಸೊಸೆಯನ್ನು ನಿಲ್ಲಿಸುವಂತೆ ಬಂದೂಕನ್ನೂ ಹೊಸ್ತಿಲಲ್ಲಿ ಒಂದಿಷ್ಟು ಹೊತ್ತು ನಿಲ್ಲಿಸಿ ಒಳಗೆ ತರಬೇಕು ಎನ್ನುತ್ತಿದ್ದರು ಮಿಸ್ತ್ರಿ. ನಳಿಗೆಯ ಬಾಯಿಗೆ ಬೆಣೆ ಬಡಿಯುವವರನ್ನು ಕಂಡರಂತೂ ಅವರಿಗೆ ಉರಿಯುತ್ತಿತ್ತು. ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಮರೆತು ಹಾಗೆಯೇ ಗುಂಡು ಹಾರಿಸಿದರೆ ನಳಿಗೆಯೇ ಒಡೆಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಹಡಗಿನ ಕಟ್ಟು. ವಿಲಾಯತಿಗೆ ಹೋಗುವ ಬಂದೂಕಿಗೆ ದಪ್ಪಗೆ ಗ್ರೀಸು ಸವರಿ, ಮೇಣದ ಕಾಗದ ಸುತ್ತಿ, ತಗಡಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳಕ್ಕೆ ಸುತ್ತಲೂ ಬೆಸುಗೆ ಹಾಕುವುದು. ಸಮುದ್ರದ ಗಾಳಿ ಒಳಗೆ ಹೋಗಬಾರದು. ಆದರೆ ನಾವು ಮುಚ್ಚುವಾಗಿನ ಗಾಳಿ ಒಳಗೇ ಉಳಿಯುತ್ತದಲ್ಲ? ಅದಕ್ಕೇ ಮಿಸ್ತ್ರಿ ಮೋಡ ಕವಿದ ದಿನ ಬೆಸುಗೆಯ ಕೆಂಡವನ್ನೇ ಹೊತ್ತಿಸುತ್ತಿರಲಿಲ್ಲ. ಒಣ ಬಿಸಿಲಿನ ದಿನ ಕಾದು, ನೆತ್ತಿಯ ಮೇಲೆ ಸೂರ್ಯ ಬಂದಾಗ ತೆರೆದ ಪೆಟ್ಟಿಗೆಯನ್ನು ಅಂಗಳದಲ್ಲಿಟ್ಟು, ಗಾಳಿ ಕಾದ ಮೇಲೆ ಮುಚ್ಚುತ್ತಿದ್ದರು. "ಪುಣೇದ ಮಧ್ಯಾಹ್ನ ತುಂಬಿ ಕಳಸ್ತೇವಿ ನೋಡು," ಎನ್ನುತ್ತಿದ್ದರು. ಮಂಜು ಸುರಿಯುವ ಯಾವುದೋ ಊರಿನಲ್ಲಿ ಯಾರೋ ಆ ತಗಡು ಕತ್ತರಿಸಿದಾಗ ನಮ್ಮ ಅಂಗಳದ ಬಿಸಿಲಿನ ಒಂದು ಉಸಿರು ಅವರ ಮುಖಕ್ಕೆ ತಗುಲುತ್ತದೆ ಎಂದು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ.

ಎರಡನೆಯ ಯುದ್ಧ ಬಂತು. ರಂಗೂನ್ ಎಣ್ಣೆ ಸಿಗುವುದು ಕಷ್ಟವಾಯಿತು, ಕೆಲಸಗಾರರು ಸಿಗುವುದು ಇನ್ನೂ ಕಷ್ಟ. ಒಂದು ಬೇಸಿಗೆಯಲ್ಲಿ ಮಿಸ್ತ್ರಿ ಜ್ವರ ಹಿಡಿದು ಮಲಗಿದರು. ಅವರಿಲ್ಲದಾಗ ಸೇಠಜಿ ಬೈಲಹೊಂಗಲದ ಈರಣ್ಣನೆಂಬವನನ್ನು ಪೆಟ್ಟಿಗೆಯ ಪರೀಕ್ಷೆ ಇಲ್ಲದೆಯೇ ಸೇರಿಸಿಕೊಂಡರು. ನಡುವಯಸ್ಸಿನ ಮನುಷ್ಯ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಪೇಟೆಯ ಒಂದು ಖೋಲಿಯಲ್ಲಿದ್ದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮಿಸ್ತ್ರಿ ಚೇತರಿಸಿಕೊಂಡು ಬರುವ ಹೊತ್ತಿಗೆ ಮಳೆ ಹಿಡಿದಿತ್ತು; ಪರೀಕ್ಷೆಯ ಮಾತು ಎಲ್ಲರಿಗೂ ಮರೆತುಹೋಯಿತು.

ಶ್ರಾವಣದಲ್ಲಿ ವಾರದ ತಪಾಸಣೆ ಮಾಡುತ್ತಿದ್ದಾಗ ಒಂದು ಬಂದೂಕಿನ ನಳಿಗೆಯ ಬುಡದಲ್ಲಿ ಕೆಂಪು ಹೆಬ್ಬೆಟ್ಟು ಕಂಡೆ. ಪಕ್ಕದ್ದನ್ನು ತೆಗೆದೆ, ಅದರಲ್ಲೂ ಇತ್ತು. ಅದರ ಪಕ್ಕದ್ದರಲ್ಲೂ. ನಿದ್ದೆ ಹೋದ ಸಾಲಿನ ನಡುವೆ ಯಾರೋ ನಡೆದುಹೋಗಿದ್ದರು.

ಎಲ್ಲರ ಕಣ್ಣೂ ಈರಣ್ಣನ ಮೇಲೆ. ಅವನನ್ನು ಇವತ್ತೇ ಬಿಡಿಸಿಬಿಡಿ ಎಂದರು ಸೇಠಜಿ. ಈರಣ್ಣ ಕೈ ಜೋಡಿಸಿದ. "ಕೈ ತೊಳಕೊಂಡ ಮುಟ್ಟೇನ್ರಿ. ದೇವ್ರಾಣೆ. ಈ ಮಳಿಯಾಗ ಮಕ್ಕಳನ್ನ ಕಟಗೊಂಡು ಎಲ್ಲಿ ಹೋಗ್ಲ್ರಿ?"

ಮಿಸ್ತ್ರಿ ಬಂದೂಕಿನ ಮೇಲಿನ ಗುರುತನ್ನು ನೋಡಿದರು. ವಯಸ್ಸಾಗಿ ಅವರ ಕಣ್ಣು ಮಂಜಾಗಿತ್ತು. "ಪೆಟಿಗಿ ಏನ್ ಹೇಳ್ತದೋ ಹೇಳ್ಲಿ. ಅಲ್ಲೀ ತನಕ ಯಾರೂ ಏನೂ ಅನಬ್ಯಾಡ್ರಿ," ಎಂದು ಎರಡು ತಗಡು ತೆಗೆದರು. ಈರಣ್ಣನ ಹೆಬ್ಬೆಟ್ಟನ್ನು ಅವರೇ ಹಿಡಿದು ಒತ್ತಿಸಿದರು. ಯಾವಾಗಿನಂತೆ ಗೀರಿದ್ದ ತಗಡಿನ ಮೇಲೆ ತಮ್ಮದನ್ನು ಒತ್ತಿದರು.

ಮರುದಿನ ಮುಂಜಾನೆ ಮುಚ್ಚಳ ತೆಗೆದವರು ಮಿಸ್ತ್ರಿಯೇ. ಒಂದು ತಗಡು ಬೆಳ್ಳಗಿತ್ತು, ಒಂದು ಕೆಂಪಗೆ. ಕೆಂಪು ಕಂಡೊಡನೆ ಈರಣ್ಣ ಹಣೆ ಬಡಿದುಕೊಂಡು ಅಲ್ಲೇ ಕುಸಿದು ಅಳತೊಡಗಿದ. ಸೇಠಜಿ ಬಾಗಿಲಿನಿಂದಲೇ ಕೈಯಾಡಿಸಿ ಹೊರಟುಬಿಟ್ಟರು. ಅವರ ಮಟ್ಟಿಗೆ ಮುಗಿದಿತ್ತು. ಗೀರು ಯಾವ ತಗಡಿನಲ್ಲಿತ್ತು ಎಂದು ನೋಡಿದವರು ಇಬ್ಬರೇ, ಮಿಸ್ತ್ರಿ ಮತ್ತು ನಾನು. ಹೇಳಬೇಡಿ ಎಂದು ನನ್ನ ಜೀವ ಕೂಗುತ್ತಿತ್ತೋ, ಹೇಳಿಬಿಡಿ ಎನ್ನುತ್ತಿತ್ತೋ, ಇವತ್ತಿಗೂ ನನಗೆ ತಿಳಿಯದು.

ಮಿಸ್ತ್ರಿ ಆ ಕೆಂಪು ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಮ್ಮ ಹೆಬ್ಬೆಟ್ಟನ್ನು ಹತ್ತಿರ ತಂದು ನೋಡಿದರು. ಜ್ವರಕ್ಕೆ ಬೆವರು ಬದಲಾಗಿತ್ತೋ, ವಯಸ್ಸಿಗೋ.

"ಅಳಬ್ಯಾಡೋ ಈರಣ್ಣಾ," ಎಂದರು. "ಇದು ನಂದು."

ಆಮೇಲೆ ಸೇಠಜಿಯನ್ನು ಕೂಗಿ ಕರೆದು ಅವರಿಗೂ ಹೇಳಿದರು. ಮಲಗಿದ್ದ ಬಂದೂಕುಗಳನ್ನೆಲ್ಲ ತೆಗೆದು ನಾನೂ ಈರಣ್ಣನೂ ಒರೆಸಿ ಉಜ್ಜಿ ಸರಿಮಾಡಿದೆವು. ಗುರುತು ಆಳಕ್ಕೆ ಇಳಿದಿರಲಿಲ್ಲ. ಮಿಸ್ತ್ರಿ ತಮ್ಮ ಕೂರುವ ಮಣೆಯನ್ನು ಎತ್ತಿಕೊಂಡು ಹೋಗಿ ಚರ್ಮದ ಕೆಲಸದವರ ಪಕ್ಕದಲ್ಲಿ ಹಾಕಿಕೊಂಡರು. ಕೈಗವಸು ಹಾಕಿಕೊಳ್ಳಿ ಎಂದು ಸೇಠಜಿ ಎಷ್ಟು ಹೇಳಿದರೂ ಕೇಳಲಿಲ್ಲ. ಹೊಲಿಗೆಯ ದಾರಕ್ಕೆ ಮೇಣ ತಿಕ್ಕುತ್ತ ದಿನವೆಲ್ಲ ಕೂತರು. ಸಂಜೆ ನನ್ನನ್ನು ಕರೆದು, "ಪ್ಯಾಟಿಗಿ ಹೋಗೂಣು ನಡಿ," ಎಂದರು.

ಚನ್ನಪ್ಪ ಅಂಗಡಿಯಲ್ಲಿ ಕೂತು ಆಲಿಕೆ ಬಡಿಯುತ್ತಿದ್ದ. ಅವನ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಅಪ್ಪನನ್ನು ಕಂಡು ಸುತ್ತಿಗೆ ನಿಂತಿತು. ಮಿಸ್ತ್ರಿ ಕೆಂಪು ತಗಡನ್ನು ಅವನ ಮುಂದಿಟ್ಟರು.

"ಯಾರ್ದಿದು?"

"ನಂದು."

ಚನ್ನಪ್ಪ ಎದ್ದು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಇನ್ನೊಂದು ತಗಡು ತಂದು ಅದರ ಪಕ್ಕದಲ್ಲಿಟ್ಟ. ಅವತ್ತು ಕಿಸೆಗೆ ಹಾಕಿಕೊಂಡು ಹೋದದ್ದು. ಅರ್ಧ ಗುರುತನ್ನು ತುಕ್ಕು ತಿಂದು ಹಾಕಿತ್ತು.

ಮಿಸ್ತ್ರಿಗೆ ಕಸುಬೇ ಮೊದಲು ಬಾಯಿಗೆ ಬಂತು. "ಎಣ್ಣಿ ಹಚ್ಚಲಿಲ್ಲೇನೋ ಇದಕ್ಕ?"

"ನೀ ಕಲಿಸಲೇ ಇಲ್ಲಲ್ಲಪ್ಪಾ," ಎಂದ ಚನ್ನಪ್ಪ.

ಮಿಸ್ತ್ರಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ನಾನು ಬೀದಿಯ ಕಡೆ ತಿರುಗಿ ನಿಂತೆ. ಬೆನ್ನ ಹಿಂದೆ ಅವರ ದನಿ ಕೇಳಿಸಿತು: "ಹತ್ತಿ ತಗೊಂಬಾ. ಒಂದ ಹನಿ ಎಣ್ಣಿ. ತಿಕ್ಕಬ್ಯಾಡ, ತಿಕ್ಕಿದ್ರ ಗುರುತು ಹೋಗ್ತದ. ಬರೇ ಇಟ್ಟು ತಗಿ. ಹಾಂ, ಹಂಗ."

ಅಂದಿನಿಂದ ಮುಂಬಯಿಯ ಪೆಟ್ಟಿಗೆಗಳು ಬರುವುದು ನಿಂತಿತು. ಸ್ವಾತಂತ್ರ್ಯ ಬಂದ ವರ್ಷ ಇಂಗ್ಲಿಷ್ ಸಾಹೇಬರೆಲ್ಲ ಹೊರಟಾಗ ಹಡಗಿನ ಕಟ್ಟಿನ ಕೆಲಸ ನಮಗೆ ಮೈಮೇಲೆ ಬಂತು. ಗ್ರೀಸು, ಕಾಗದ ನನ್ನದು ಮತ್ತು ಈರಣ್ಣನದು. ಬೆಸುಗೆ ಚನ್ನಪ್ಪನದು. ಮಿಸ್ತ್ರಿ ಯಾವುದನ್ನೂ ಮುಟ್ಟದೆ ಅಂಗಳದಲ್ಲಿ ಕೂತು ಆಕಾಶ ನೋಡುತ್ತಿದ್ದರು. ಗಾಳಿ ಒಣಗಿದೆ ಎಂದು ಅವರ ಮನಸ್ಸಿಗೆ ಬಂದಾಗ "ಈಗ ಮುಚ್ಚು" ಎನ್ನುತ್ತಿದ್ದರು, ಮಗ ಮುಚ್ಚುತ್ತಿದ್ದ. ಅಷ್ಟು ಬಂದೂಕುಗಳು ಹೊರಟುಹೋಗಿ ಹಿಂದಿನ ಕೋಣೆ ಬರಿದಾದಾಗ ನನಗೆ ಸಂತೋಷವೂ ಆಯಿತು, ಬೇಸರವೂ ಆಯಿತು. ಕೊನೆಯ ಪೆಟ್ಟಿಗೆಯಾದ ಮೇಲೆ ಉಳಿದ ತಗಡಿನಲ್ಲಿ ಮಿಸ್ತ್ರಿ ಒಂದು ಸಣ್ಣ ಡಬ್ಬಿ ಮಾಡಿಸಿದರು. ಅಪ್ಪನ ತಗಡು, ಮಗನ ತಗಡು, ನಡುವೆ ಮೇಣದ ಕಾಗದ. ಮಧ್ಯಾಹ್ನದ ಬಿಸಿಲಿನಲ್ಲಿ ಡಬ್ಬಿಯನ್ನು ಬಹಳ ಹೊತ್ತು ತೆರೆದಿಟ್ಟರು. ಆಮೇಲೆ "ಈಗ" ಎಂದರು.

ಮಿಸ್ತ್ರಿ ಹೋಗಿ ಈಗ ಎಷ್ಟೋ ಮಳೆಗಾಲಗಳಾದವು. ನಾನು ಕೆಲಸ ಬಿಟ್ಟ ಮೇಲೆ ಒಮ್ಮೆ ಚನ್ನಪ್ಪನ ಅಂಗಡಿಗೆ ಹೋಗಿದ್ದೆ. ಡಬ್ಬಿ ದೇವರ ಫೋಟೋದ ಪಕ್ಕದಲ್ಲಿತ್ತು, ಬೆಸುಗೆ ಹಾಗೆಯೇ ಇತ್ತು. ಒಳಗೆ ಗುರುತುಗಳು ಹೇಗಿವೆಯೋ ನೋಡಬೇಕೆಂದು ನನ್ನ ಕಸುಬಿನ ಕೈ ತುರಿಸಿತು. ತೆರೆಯೋಣವೇ ಎಂದು ಕೇಳಿಯೇಬಿಟ್ಟೆ.

ಚನ್ನಪ್ಪ ಡಬ್ಬಿಯನ್ನು ಇಳಿಸಿ, ಒರೆಸಿ, ನನ್ನ ಕೈಗೆ ಕೊಟ್ಟ. ಹಗುರವಾಗಿತ್ತು.

"ಬ್ಯಾಡ್ರಿ ಗುರುನಾಥಣ್ಣಾ," ಎಂದ. "ಆ ಮಧ್ಯಾಹ್ನ ಹೊರಗ ಹೋಗ್ತದ."